ಟಿ.ಸಿ. ತೆಗೆಯದೆ ಬೇರೆ ವಿ.ವಿ.ಗೆ

ಬೆಳಗಿನ ಬಸ್ಸು ದೊಡ್ಡಉಳ್ಳಾರ್ತಿ ಬಿಟ್ಟು ಚಳ್ಳಕೆರೆ ಹಾದಿ ಹಿಡಿಯುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಡುಗಿಯರು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾರೆ, ಹುಡುಗರು ಬಾಗಿಲಲ್ಲಿ ಜೋತುಬಿದ್ದೇ ಪಾಸು ಆಡಿಸುತ್ತಾರೆ. ಕಿಟಕಿಯಾಚೆ ಶೇಂಗಾ ಹೊಲ, ಜಾಲಿ, ಕುರಿಮಂದೆ. ಸುತ್ತಲ ಕಾವಲುಗಳಲ್ಲಿ ಎದ್ದು ನಿಂತಿರುವ ವಿಜ್ಞಾನ ಸಂಸ್ಥೆಗಳ ಉದ್ದುದ್ದ ಕಾಂಪೌಂಡು ಗೋಡೆಗಳು. ಡಿಗ್ರಿ ಓದುವವರ ನಡುವೆ ಈಚೆಗೆ ಒಂದು ಮಾತು ಓಡಾಡುತ್ತಿದೆ. ‘ಒಂದು ಸೆಮ್ ಬೇರೆ ಯೂನಿವರ್ಸಿಟೀಲಿ ಓದ್ಬೋದಂತೆ ಕಣೇ.’ ಅದರ ಹಿಂದೆಯೇ ಪ್ರಶ್ನೆಗಳು: ‘ಟಿ.ಸಿ. ಕೇಳ್ತಾರಾ?’ ‘ಹಾಸ್ಟೆಲ್ ಸೀಟು ಹೋದ್ರೆ ವಾಪಸ್ ಯಾರು ಕೊಡ್ತಾರೆ?’ ‘ಅಲ್ಲಿ ಫೇಲಾದ್ರೆ ಇಲ್ಲೇನಾಗ್ತದೆ?’

ಮೂರೂ ಕೇಳಬೇಕಾದ ಪ್ರಶ್ನೆಗಳೇ. ಯಾವ ಊರಿಗೆ, ಯಾವ ದೇಶಕ್ಕೆ ಎನ್ನುವುದೆಲ್ಲ ಆಮೇಲಿನ ಮಾತು. ಅಲ್ಲಿ ಓದಿದ್ದು ಇಲ್ಲಿನ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದು ಮೊದಲಿನದು. ಹಣ ಕಡಿಮೆ ಬಿದ್ದರೆ ಯಾರಾದರೂ ಕೊಟ್ಟಾರು, ಊಟ ಒಗ್ಗದಿದ್ದರೆ ಬೇಯಿಸಿಕೊಳ್ಳಬಹುದು. ಓದಿದ ಸೆಮಿಸ್ಟರ್ ಅಂಕಪಟ್ಟಿಗೆ ಬಾರದೇ ಹೋದರೆ ಮಾತ್ರ ವರ್ಷವೇ ಕೈಬಿಟ್ಟು ಹೋಗುತ್ತದೆ.

ಏನಿದು ವ್ಯವಸ್ಥೆ?

ಇದು ವರ್ಗಾವಣೆ ಅಲ್ಲ. ನೀವು ಓದುತ್ತಿರುವ ಕಾಲೇಜಿನ ವಿದ್ಯಾರ್ಥಿಯಾಗಿಯೇ ಇರುತ್ತೀರಿ, ಪದವಿ ಕೊಡುವುದೂ ನಿಮ್ಮ ವಿಶ್ವವಿದ್ಯಾಲಯವೇ. ನಡುವಿನ ಒಂದು ಸೆಮಿಸ್ಟರ್ ಮಾತ್ರ ಬೇರೆಡೆ ಕುಳಿತು ಪಾಠ ಕೇಳಿ, ಪರೀಕ್ಷೆ ಬರೆದು ಬರುತ್ತೀರಿ. ಆದ್ದರಿಂದ ಟಿ.ಸಿ.ಯೂ ಬೇಡ, ಮೈಗ್ರೇಷನ್ ಸರ್ಟಿಫಿಕೇಟೂ ಬೇಡ. ಯಾರಾದರೂ ಟಿ.ಸಿ. ತಂದರೆ ಸೀಟು ಕೊಡುತ್ತೇವೆ ಎಂದರೆ ಅದು ಹೊಸ ಪ್ರವೇಶ. ಸಹಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಬೇಕಾಗಿರುವುದು ನಿಮ್ಮ ಕಾಲೇಜಿನ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ.

ಇಂಥ ಓಡಾಟಕ್ಕೆ ಕಾನೂನಿನ ದಾರಿ ಸಿಕ್ಕಿದ್ದು ಈಚೆಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 2021ರ ಜುಲೈನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ನಿಯಮಾವಳಿ ಹೊರಡಿಸಿತು. ಎಲ್ಲರ ಬಾಯಲ್ಲಿ ಅದು ಎಬಿಸಿ. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್‌ಗಳು ವಿದ್ಯಾರ್ಥಿಯ ಒಂದೇ ಖಾತೆಗೆ ಜಮೆಯಾಗುತ್ತವೆ. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು, ಈಗ ಅದಕ್ಕೆ 12 ಅಂಕಿಯ ‘ಅಪಾರ್’ ಸಂಖ್ಯೆ ಜೋಡಣೆಯಾಗಿದೆ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧದಷ್ಟನ್ನಾದರೂ ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು, ಜಮೆಯಾದದ್ದಕ್ಕೆ ಗರಿಷ್ಠ 7 ವರ್ಷ ಬೆಲೆ ಎಂದು ನಿಯಮ ಹೇಳುತ್ತದೆ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ‘ಟ್ವಿನ್ನಿಂಗ್’ ಒಪ್ಪಂದಕ್ಕೆ 2022ರಲ್ಲಿ ಬೇರೆ ನಿಯಮ ಬಂತು. ಅದರಲ್ಲಿ ಹೊರಗೆ ಗಳಿಸುವ ಪಾಲು ಶೇ 30ನ್ನು ಮೀರುವಂತಿಲ್ಲ.

ಖಾತೆ ಇದ್ದ ಮಾತ್ರಕ್ಕೆ ಯಾರೂ ಕರೆಯುವುದಿಲ್ಲ ಎನ್ನುವುದನ್ನು ಮಾತ್ರ ಈ ಪ್ರಚಾರದ ನಡುವೆ ಯಾರೂ ಬಿಡಿಸಿ ಹೇಳುತ್ತಿಲ್ಲ. ಎರಡು ಸಂಸ್ಥೆಗಳ ನಡುವೆ ಒಡಂಬಡಿಕೆ ಇರಬೇಕು, ಇಲ್ಲವೇ ಅತಿಥಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪದ್ಧತಿ ಆ ಕಡೆ ಇರಬೇಕು. ಒಡಂಬಡಿಕೆ ಇದ್ದರೆ ಸಾಮಾನ್ಯವಾಗಿ ಅಲ್ಲಿನ ಬೋಧನಾ ಶುಲ್ಕ ಮಾಫಿ, ಇಲ್ಲಿನದನ್ನು ಕಟ್ಟಿದರೆ ಸಾಕು. ಇಲ್ಲದಿದ್ದರೆ ಎರಡೂ ಕಡೆ ಕಟ್ಟಬೇಕು. ಕಾಲೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ ಆಗಿರಲಿ.

ಲೆಕ್ಕಕ್ಕೆ ಬರುತ್ತಾ?

ಚಿತ್ರದುರ್ಗ ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಸಂಯೋಜಿತ ಕಾಲೇಜಿನ ಪ್ರಾಂಶುಪಾಲರು ‘ಹೋಗಿ ಬಾರಪ್ಪ, ನೋಡೋಣ’ ಎಂದರೆ ಅದು ಆಶೀರ್ವಾದವಷ್ಟೇ, ಆದೇಶವಲ್ಲ. ಪಠ್ಯಕ್ರಮ ರೂಪಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಅಂಕಪಟ್ಟಿ ಕೊಡುವುದು ಮೌಲ್ಯಮಾಪನ ಕುಲಸಚಿವರ ಕಚೇರಿ. ಬೇರೆಡೆ ಓದಿದ ಪತ್ರಿಕೆ ಇಲ್ಲಿನ ಪತ್ರಿಕೆಗೆ ಸಮ ಎಂದು ಒಪ್ಪಬೇಕಾದವರು ಅವರು. ಸ್ವಾಯತ್ತ ಕಾಲೇಜು ಅಥವಾ ವಿಶ್ವವಿದ್ಯಾಲಯದ ಸ್ವಂತ ವಿಭಾಗದಲ್ಲಿ ಓದುವವರಿಗೆ ಈ ಹಾದಿ ಹತ್ತಿರ, ಹಳ್ಳಿ ಕಡೆಯ ಸರ್ಕಾರಿ ಕಾಲೇಜಿನವರಿಗೆ ದೂರ. ಇದು ಅನ್ಯಾಯವೇ. ಆದರೆ ಇರುವ ಸ್ಥಿತಿ ಇದು.

ಯುರೋಪಿನಲ್ಲಿ ಈ ತಕರಾರನ್ನು ಒಂದು ಹಾಳೆಯಿಂದ ಬಗೆಹರಿಸಿಕೊಂಡಿದ್ದಾರೆ. 1987ರಲ್ಲಿ ಶುರುವಾದ ಎರಾಸ್ಮಸ್ ಯೋಜನೆಯಲ್ಲಿ ‘ಲರ್ನಿಂಗ್ ಅಗ್ರಿಮೆಂಟ್’ ಎಂಬುದಿದೆ. ವಿದ್ಯಾರ್ಥಿ ಹೊರಡುವ ಮೊದಲೇ ಅಲ್ಲಿ ಓದುವ ಪತ್ರಿಕೆಗಳನ್ನೂ ಅವುಗಳ ಬದಲಿಗೆ ಇಲ್ಲಿ ಬಿಡುವ ಪತ್ರಿಕೆಗಳನ್ನೂ ಎದುರುಬದುರಾಗಿ ಬರೆದು, ವಿದ್ಯಾರ್ಥಿ ಮತ್ತು ಎರಡು ಸಂಸ್ಥೆಗಳು ಸಹಿ ಹಾಕುತ್ತವೆ. ನಿಮ್ಮ ಕಾಲೇಜಿನಲ್ಲಿ ಅಂಥ ನಮೂನೆ ಇಲ್ಲದಿದ್ದರೆ ಬಿಳಿ ಹಾಳೆಯಲ್ಲೇ ಎರಡು ಕಾಲಂ ಎಳೆದು ಬರೆಯಿರಿ. ಅಲ್ಲಿನ ಪಠ್ಯಕ್ರಮದ ಪ್ರತಿ ಲಗತ್ತಿಸಿ, ಸಹಿ ಮಾಡಿಸಿ, ಕುಲಸಚಿವರ ಕಚೇರಿಗೆ ಕಾಲೇಜಿನ ಮೂಲಕವೇ ಕಳಿಸಿ. ‘ತಾತ್ವಿಕ ಒಪ್ಪಿಗೆ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಪತ್ರಿಕೆಯ ಹೆಸರು, ಕೋಡ್, ಕ್ರೆಡಿಟ್ ಮೂರೂ ಇರಬೇಕು.

ಯಾವುದನ್ನು ಅಲ್ಲಿ ಓದುವುದು? ಐಚ್ಛಿಕ ಪತ್ರಿಕೆಗಳು ಸುಲಭವಾಗಿ ಹೊಂದುತ್ತವೆ. ಇಲ್ಲಿನ ಕನ್ನಡ ಭಾಷಾ ಪತ್ರಿಕೆಗೆ ಬದಲಿ ಬೇರೆ ರಾಜ್ಯದಲ್ಲೂ ಸಿಗುವುದು ಅಪರೂಪ, ಹೊರದೇಶದ ಮಾತಂತೂ ಇಲ್ಲ. ಅದನ್ನು ಮುಂಚೆ ಮುಗಿಸುವುದೋ, ಬಂದ ಮೇಲೆ ಬರೆಯುವುದೋ ತೀರ್ಮಾನವಾಗಬೇಕು. ಪ್ರಯೋಗಾಲಯದ ಪತ್ರಿಕೆಗಳದೂ ಇದೇ ಪಾಡು.

ಕ್ರೆಡಿಟ್ ಎಂಬುದರ ಅಳತೆಯೂ ಒಂದೇ ಅಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್, ಒಂದಕ್ಕೆ 30 ಗಂಟೆಯ ಕಲಿಕೆ. ಯುರೋಪಿನ ಇಸಿಟಿಎಸ್ ಲೆಕ್ಕದಲ್ಲಿ ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಒಂದಕ್ಕೆ 25ರಿಂದ 30 ಗಂಟೆ. ‘ನಾನು ಅಲ್ಲಿ 30 ಮಾಡಿದೆ, ಇಲ್ಲಿ 20 ಅಂತ ಹಾಕಿದ್ದಾರೆ’ ಎಂದು ಆಮೇಲೆ ಜಗಳಕ್ಕೆ ನಿಂತರೆ ಉಪಯೋಗವಿಲ್ಲ. ಪೂರ್ತಿ ಸೆಮಿಸ್ಟರ್‌ಗೆ ಪೂರ್ತಿ ಸೆಮಿಸ್ಟರ್ ಎಂದು ಮೊದಲೇ ಬರೆಸಿಕೊಳ್ಳಬೇಕು. ಅಂಕಗಳದ್ದು ಇನ್ನೂ ತಮಾಷೆ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 4ಕ್ಕೆ ಪಾಸು, 5 ಬಂದರೆ ಫೇಲು. ಮಗಳು 1.3 ತೆಗೆದಳೆಂದು ಕೇಳಿ ಮನೆಯವರು ಕಂಗಾಲಾಗಬಾರದು. ಆದರೆ ಆ 1.3 ನಮ್ಮ ಹತ್ತರ ಅಳತೆಯಲ್ಲಿ ಎಷ್ಟಾಗುತ್ತದೆ, ಗ್ರೇಡ್ ಸರಾಸರಿಗೆ ಸೇರುತ್ತದೆಯೇ ಅಥವಾ ಬರೀ ‘ಪಾಸು’ ಎಂದಷ್ಟೇ ದಾಖಲಾಗುತ್ತದೆಯೇ ಎಂಬುದನ್ನು ಕೇಳಿಟ್ಟುಕೊಳ್ಳಿ. ರ‍್ಯಾಂಕಿನ ಆಸೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಕ್ಯಾಲೆಂಡರ್. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್; ಅಮೆರಿಕದಲ್ಲಿ ಆಗಸ್ಟ್ ಕೊನೆಯಿಂದ ಡಿಸೆಂಬರ್, ಆಮೇಲೆ ಜನವರಿಯಿಂದ ಮೇ. ನಮ್ಮ ಪರೀಕ್ಷೆಯ ದಿನಾಂಕಗಳು ವರ್ಷ ವರ್ಷವೂ ಹಿಂದೆ ಮುಂದೆ ಓಡಾಡುತ್ತವೆ. ಅಲ್ಲಿನ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಲ್ಲಿನ ಮುಂದಿನ ಸೆಮಿಸ್ಟರ್ ಅರ್ಧ ಆಗಿರಬಹುದು, ಆಗ ಶೇ 75 ಹಾಜರಾತಿಯ ಕತ್ತಿ. ಬಾಕಿ ವಿಷಯ ಇಟ್ಟುಕೊಂಡವರನ್ನು ಸಾಮಾನ್ಯವಾಗಿ ಆಯ್ಕೆಯೇ ಮಾಡುವುದಿಲ್ಲ. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಆರೇ ಸೆಮಿಸ್ಟರ್. ಮೊದಲ ವರ್ಷ ಆಗದು, ಕೊನೆಯದರಲ್ಲಿ ಫಲಿತಾಂಶ ತಡವಾದರೆ ಎಂ.ಎ., ಎಂ.ಎಸ್ಸಿ. ಪ್ರವೇಶ ತಪ್ಪುತ್ತದೆ. ಉಳಿಯುವುದು ಮೂರು, ನಾಲ್ಕು, ಐದು.

ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು

ನಗರದ ಶ್ರೀಮಂತ ಮಕ್ಕಳಿಗಾಗಿ ಬರೆದ ಕೈಪಿಡಿಗಳಲ್ಲಿ ಈ ಭಾಗವೇ ಇರುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಇಲ್ಲಿನ ಅನೇಕ ಮಕ್ಕಳು ಓದುತ್ತಿರುವುದೇ ಇಲಾಖೆಯ ಹಾಸ್ಟೆಲ್ಲಿನ ಮುದ್ದೆ-ಸಾರು ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಲದ ಮೇಲೆ. ಆರು ತಿಂಗಳು ಇಲ್ಲದಿದ್ದರೆ ಹಾಸ್ಟೆಲ್ ಸೀಟಿನ ಗತಿ? ಹಾಜರಾತಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಊಟದ ಲೆಕ್ಕ ಬರುವುದಿಲ್ಲ, ಕಾಯುವ ಪಟ್ಟಿಯಲ್ಲಿ ಬೇರೆ ಮಕ್ಕಳಿರುತ್ತಾರೆ. ವಾರ್ಡನ್‌ಗೆ ಬಾಯಲ್ಲಿ ಹೇಳಿ ಹೋದರೆ, ಬರುವಷ್ಟರಲ್ಲಿ ವಾರ್ಡನ್ನರೇ ವರ್ಗವಾಗಿರಬಹುದು. ತಾಲ್ಲೂಕು ಕಲ್ಯಾಣಾಧಿಕಾರಿಗೆ ಅರ್ಜಿ ಕೊಟ್ಟು, ಕಾಲೇಜಿನ ಎನ್‌ಒಸಿ ಲಗತ್ತಿಸಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಎಂದು ನಮೂದಿಸಿ, ಲಿಖಿತ ಉತ್ತರ ಪಡೆಯಿರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ಯಲ್ಲಿ ತಿಂಗಳಿಗಿಷ್ಟು ಎಂದು ಹತ್ತು ತಿಂಗಳು ನೆರವು ಬರುತ್ತದೆ, ಅದರ ವಿಚಾರವನ್ನೂ ಆಗಲೇ ಕೇಳಿಬಿಡಿ.

ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನಿಮ್ಮ ದಾಖಲಾತಿ ಸ್ವಂತ ಕಾಲೇಜಿನ ಹೆಸರಲ್ಲೇ ಇರಬೇಕು. ಟಿ.ಸಿ. ತೆಗೆಯಬಾರದು ಎನ್ನುವುದು ಇದಕ್ಕಾಗಿಯೂ. ಅರ್ಜಿಯ ಅವಧಿ ನೀವು ಹೊರಗಿರುವಾಗಲೇ ತೆರೆದೀತು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಅಪ್ಪನದಾಗಿದ್ದರೆ, ಓಟಿಪಿ ಬಂದ ಗಳಿಗೆಯಲ್ಲಿ ಅಪ್ಪ ಹೊಲದಲ್ಲಿರುತ್ತಾರೆ, ಫೋನು ಮನೆಯ ಗೂಡಿನಲ್ಲಿರುತ್ತದೆ. ಹೊರಡುವ ಮುಂಚೆ ಆಧಾರ್‌ಗೆ ನಿಮ್ಮದೇ ನಂಬರ್ ಸೇರಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣ ಪತ್ರದ ಅವಧಿ ನಡುವೆ ಮುಗಿಯುತ್ತದೆಯೇ ಎಂಬುದನ್ನೂ.

ಬಸ್ಸಿನ ಒಂದು ಮಾತು. ವಿದ್ಯಾರ್ಥಿ ಪಾಸು ಊರಿಂದ ಕಾಲೇಜಿನ ಹಾದಿಗಷ್ಟೇ. 2023ರ ಜೂನ್‌ನಿಂದ ಜಾರಿಯಲ್ಲಿರುವ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳ ಉಚಿತ ಪ್ರಯಾಣ ಕರ್ನಾಟಕದೊಳಗೆ ಎಲ್ಲಿಗಾದರೂ ಸರಿ. ಹೈದರಾಬಾದಿಗೆ ಹೊರಟವಳು ಮಾತ್ರ ಟಿಕೆಟ್ಟಿನ ದುಡ್ಡು ಎತ್ತಿಡಬೇಕು.

ಹೊರದೇಶವಾದರೆ

ಪಾಸ್‌ಪೋರ್ಟಿನಿಂದ ಶುರು. ಸಾಮಾನ್ಯ ಅರ್ಜಿಗೆ ₹1,500, ತತ್ಕಾಲ್‌ಗೆ ಮೇಲೆ ₹2,000. ದುಡ್ಡಿಗಿಂತ ಹೆಚ್ಚು ಕಾಡುವುದು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಓ. ತಿಪ್ಪೇಸ್ವಾಮಿ’ ಎಂದಿರುತ್ತದೆ. ಆ ‘ಓ’ ಅಪ್ಪನ ಹೆಸರಿನದೋ, ಮನೆತನದ್ದೋ, ಮನೆಯವರಿಗಷ್ಟೇ ಗೊತ್ತು. ಆಧಾರ್‌ನಲ್ಲಿ ಅದು ಹಿಂದಕ್ಕೆ ಹೋಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಇದರ ಮೇಲೆ ಇಂಗ್ಲಿಷಿನಲ್ಲಿ ಟಿ ಪಕ್ಕ ಎಚ್ ಇರುವ ತಿಪ್ಪೇಸ್ವಾಮಿ ಒಂದು ಕಾಗದದಲ್ಲಿ, ಎಚ್ ಇಲ್ಲದವನು ಇನ್ನೊಂದರಲ್ಲಿ. ವೀಸಾ ಕಚೇರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ನಾಯಕನಹಟ್ಟಿ ಸೀಮೆಯಲ್ಲಿ ತಿಪ್ಪೇಸ್ವಾಮಿಗಳಿಗೆ ಬರವಿಲ್ಲದ ಕಾರಣ ಇದನ್ನು ಒತ್ತಿ ಹೇಳುತ್ತಿದ್ದೇನೆ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು. ಆಯ್ಕೆಯಾಗುವ ತನಕ ಕಾಯದೆ ಈಗಲೇ ಎಲ್ಲ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಪೊಲೀಸ್ ಪರಿಶೀಲನೆಗೆ ಬಂದಾಗ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ನೀವಿರಬೇಕು. ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿದ್ದು ಉಳ್ಳಾರ್ತಿಯ ವಿಳಾಸ ಕೊಟ್ಟವರು ಊರಿಗೆ ಓಡಿ ಬರಲು ಸಿದ್ಧರಿರಲಿ.

ಖರ್ಚಿನ ಅಂದಾಜಿಗೆ ಜರ್ಮನಿಯನ್ನೇ ನೋಡೋಣ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಹಾಗೆಂದು ಬರಿಗೈಲಿ ಹೋಗುವಂತಿಲ್ಲ. ವೀಸಾ ಬೇಕಾದರೆ ಜೀವನ ವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು; 2024ರ ಸೆಪ್ಟೆಂಬರ್‌ನಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 992 ಯೂರೊ, ಆರು ತಿಂಗಳಿಗೆ 5,952. ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಟ್ಟರೆ ತಿಂಗಳು ತಿಂಗಳೂ ಕಂತಿನಲ್ಲಿ ಕೈಗೆ ಬರುತ್ತದೆ. ನಮ್ಮ ರೂಪಾಯಿಯಲ್ಲಿ ಐದು ಲಕ್ಷ ಮೀರುವ ಈ ಗಂಟನ್ನು ಮಳೆ ನಂಬಿದ ಶೇಂಗಾ ಬೆಳೆಗಾರ ಎಲ್ಲಿಂದ ತರಬೇಕು? ವಿದ್ಯಾರ್ಥಿವೇತನದ ಪತ್ರ ಇದ್ದರೆ ಅದೇ ಸಾಕ್ಷ್ಯವಾಗುತ್ತದೆ. ಹಾಗಾಗಿ ಖರ್ಚು ಕೊಡುವ ಕಾರ್ಯಕ್ರಮವನ್ನೇ ಹುಡುಕುವುದು ಜಾಣತನ, ಸಾಲ ಮಾಡಿ ಒಂದು ಸೆಮಿಸ್ಟರ್‌ಗೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಆದರೆ ಅವು ಪೂರ್ಣ ಪದವಿಗಾಗಿ ಹೋಗುವವರಿಗೆ. ಆರು ತಿಂಗಳ ಪ್ರವಾಸಕ್ಕೆ ಅವುಗಳನ್ನು ನೆಚ್ಚಬೇಡಿ.

ಸಣ್ಣಪುಟ್ಟವು ಒಂದಷ್ಟು. ಇಲ್ಲಿನ ಸಿಮ್ ಬಂದ್ ಆಗದಂತೆ ರೀಚಾರ್ಜ್ ಮಾಡಿಸುತ್ತಿರಿ, ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುತ್ತದೆಯೇ ಕೇಳಿ; ಬ್ಯಾಂಕು, ಡಿಜಿಲಾಕರ್, ಸ್ಕಾಲರ್‌ಶಿಪ್ ಎಲ್ಲವೂ ನಿಂತಿರುವುದು ಓಟಿಪಿ ಮೇಲೆ. ಎಟಿಎಂ ಕಾರ್ಡು ಮೊದಲಿಗೆ ದೇಶದೊಳಗಿನ ಬಳಕೆಗಷ್ಟೇ ಚಾಲೂ ಇರುತ್ತದೆ, ಹೊರಗಿನದನ್ನು ನಾವೇ ತೆರೆಸಬೇಕು. ಅವ್ವ ಕಟ್ಟಿಕೊಡುವ ಡಬ್ಬಿಗಳಲ್ಲಿ ತುಪ್ಪ, ಪೇಡ ಬೇಡ: ಯುರೋಪಿನ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಶೇಂಗಾ ಚಟ್ನಿಪುಡಿ ಒಯ್ಯಬಹುದು. ಆದರೆ ಅಲ್ಲಿ ಶೇಂಗಾ ಎಂದರೆ ಪ್ರಾಣಕ್ಕೇ ಸಂಚಕಾರ ತರುವಷ್ಟು ಅಲರ್ಜಿ ಇರುವವರು ಸಿಗುತ್ತಾರೆ. ಎಣ್ಣೆ ಗಿರಣಿಗಳ ಚಳ್ಳಕೆರೆಯವರಿಗೆ ನಂಬುವುದು ಕಷ್ಟ. ಹಂಚಿಕೊಂಡ ಅಡುಗೆಮನೆಯಲ್ಲಿ ಡಬ್ಬಿ ತೆರೆಯುವ ಮುಂಚೆ ಜೊತೆಯವರನ್ನು ಕೇಳಿ.

ಮನೆಯವರ ಮಾತು

‘ಅಷ್ಟು ದೂರ ಹೆಣ್ಮಗಳನ್ನ ಕಳ್ಸೋದಾ?’ ಎಂಬ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿಲ್ಲ. ಅಲ್ಲಿನ ಹಾಸ್ಟೆಲ್ಲಿನ ವಿಳಾಸ, ವಿದ್ಯಾರ್ಥಿ ಕ್ಷೇಮಪಾಲನೆ ನೋಡುವವರ ನಂಬರ್, ಮೊದಲೇ ಅಲ್ಲಿ ಓದಿಬಂದ ಒಬ್ಬ ಅಕ್ಕನ ಜೊತೆ ಅಪ್ಪನಿಗೆ ಫೋನಿನಲ್ಲಿ ಮಾತು, ಇವು ಕೆಲಸ ಮಾಡುತ್ತವೆ.

ಓದಿಗೆ ಊರು ಬಿಡುವುದು ಈ ಸೀಮೆಗೆ ಹೊಸತೇನಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನಿಂದ ಹೋದ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಮೇಷ್ಟ್ರಾದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ಈ ಗುರುವಿಗೆ. ಆಗಿನ ಕಾಲದಲ್ಲಿ ಬಡ ಹುಡುಗರು ಪರ ಊರಿನಲ್ಲಿ ವಾರಾನ್ನದ ಮನೆ ಹುಡುಕಿಕೊಂಡೋ, ಮಠದ ಹಾಸ್ಟೆಲ್ ಸೇರಿಯೋ ಓದಿದರು.

ಭಾಷೆಯ ಭಯ ಈ ಆಂಧ್ರ ಗಡಿಯವರಿಗೆ ಕಡಿಮೆ ಇರಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಚಳ್ಳಕೆರೆ, ಮೊಳಕಾಲ್ಮುರು ಕಡೆ ಸಾಮಾನ್ಯ. ಅನಂತಪುರದಲ್ಲಿ 1981ರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, 2018ರಲ್ಲಿ ಶುರುವಾದ ಆಂಧ್ರದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಬೇರೆ ವಿ.ವಿ. ಎಂದರೆ ಬರ್ಲಿನ್ನೇ ಆಗಬೇಕೆಂದಿಲ್ಲ.

ಆರು ತಿಂಗಳು ಆಗದಿದ್ದರೆ

ಇಷ್ಟೆಲ್ಲ ಓದಿ ‘ಇದು ನಮ್ಮ ಕೈಲಾಗದ್ದು’ ಅನ್ನಿಸಿದರೆ ತಪ್ಪಿಲ್ಲ. ಸರ್ಕಾರಿ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗೆ ಇದಕ್ಕಿಂತ ಸುಲಭದ ಬಾಗಿಲು ಬೇಸಿಗೆ ರಜೆಯದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎಂಟು ವಾರ ಒಬ್ಬ ವಿಜ್ಞಾನಿಯ ಬಳಿ ಕೆಲಸ, ಜೊತೆಗೆ ಭತ್ಯೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೂ ಇಂಥದೇ. ಹಾಜರಾತಿ ಹೋಗುವುದಿಲ್ಲ, ಕ್ರೆಡಿಟ್ ತಕರಾರಿಲ್ಲ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆ ಸೇರಿ ನಡೆಸಿದ ‘ಸ್ಕೌಟ್’ ಕಾರ್ಯಕ್ರಮ ಸಾರ್ವಜನಿಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನೇ ಆರಿಸಿ ಅಲ್ಪಾವಧಿಗೆ ಬ್ರಿಟನ್ನಿಗೆ ಕಳಿಸಿತು. ಊರು ಬಿಡಲಾಗದವರಿಗೆ ‘ಸ್ವಯಂ’ ಆನ್‌ಲೈನ್ ಪಾಠಗಳಿವೆ. ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ 40ರವರೆಗೆ ಅದರಿಂದ ಪಡೆಯಲು ಯುಜಿಸಿ ಅವಕಾಶ ಕೊಟ್ಟಿದೆ. ಅದಕ್ಕೂ ನಿಮ್ಮ ವಿಶ್ವವಿದ್ಯಾಲಯದ ಮೊದಲ ಒಪ್ಪಿಗೆ ಬೇಕೇ ಬೇಕು.

ಇಲ್ಲೇ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ಅಮೃತಮಹಲ್ ದನಗಳು ಮೇಯುತ್ತಿದ್ದ ನೆಲ. ಶಾಲಾ, ಕಾಲೇಜು ಶಿಕ್ಷಕರು ಬಂದು ಉಳಿದು ವಿಜ್ಞಾನ, ಗಣಿತದ ತರಬೇತಿ ಪಡೆದು ಹೋಗುವ ಜಾಗವದು. ಗೋಡೆಯ ಈಚೆಗಿನ ಹಳ್ಳಿಗಳ ಪದವಿ ವಿದ್ಯಾರ್ಥಿಗಳಿಗೂ ಅಲ್ಲಿ ಒಂದು ಸೆಮಿಸ್ಟರ್ ಕುಳಿತು ಕಲಿಯುವ ಏರ್ಪಾಡು ಮಾಡಿದರೆ ಪಾಸ್‌ಪೋರ್ಟೂ ಬೇಡ, ಬ್ಲಾಕ್ಡ್ ಅಕೌಂಟೂ ಬೇಡ. ಕೇಳುವವರು ಕೇಳಬೇಕು.

ಮರಳುವಾಗ

ಹೋದವರು ಹೆಚ್ಚಾಗಿ ಎಡವುವುದು ಕೊನೆಯ ವಾರದಲ್ಲಿ. ಪರೀಕ್ಷೆ ಮುಗಿದ ಕೂಡಲೇ ಬ್ಯಾಗು ಕಟ್ಟುತ್ತಾರೆ; ಅಲ್ಲಿನ ಟ್ರಾನ್ಸ್‌ಕ್ರಿಪ್ಟ್ ಆಮೇಲೆ ಬರುತ್ತದೆ, ಅಷ್ಟರಲ್ಲಿ ಅಲ್ಲಿನ ವಿದ್ಯಾರ್ಥಿ ಇಮೇಲ್ ಬಂದ್ ಆಗಿರುತ್ತದೆ. ಹೊರಡುವ ಮೊದಲೇ ನಿಮ್ಮ ಸ್ವಂತ ಇಮೇಲ್ ಕೊಟ್ಟು, ಮೊಹರು ಮಾಡಿದ ಪ್ರತಿ ನೇರವಾಗಿ ಇಲ್ಲಿನ ಕುಲಸಚಿವರ ಕಚೇರಿಗೂ ಹೋಗುವಂತೆ ಬರೆದುಕೊಡಿ. ಪತ್ರಿಕೆ ಏನಾದರೂ ನಡುವೆ ಬದಲಾಗಿದ್ದರೆ (ಅಲ್ಲಿಗೆ ಹೋದ ಮೇಲೆ ಕೋರ್ಸು ರದ್ದಾಗುವುದು ಸಾಮಾನ್ಯ) ಆ ಬದಲಾವಣೆಗೂ ಇಲ್ಲಿನ ಸಹಿ ಬೇಕು. ಅದನ್ನು ಇಮೇಲ್‌ನಲ್ಲೇ ಆಗಿಂದಾಗ್ಗೆ ತರಿಸಿಕೊಳ್ಳಿ.

ಬಂದ ಮೇಲೆ ಕಾಲೇಜಿನ ಕಚೇರಿಗೆ ಕೊಡುವುದು ಝೆರಾಕ್ಸ್, ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ. ಕೊಟ್ಟಿದ್ದಕ್ಕೆ ನಿಮ್ಮ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಫಲಿತಾಂಶದ ದಿನ ಆ ಸೆಮಿಸ್ಟರ್ ಎದುರು ‘ತಡೆಹಿಡಿಯಲಾಗಿದೆ’ ಎಂದು ಬಂದರೆ ದಾವಣಗೆರೆಗೆ ಹೋಗುವಾಗ ಒಯ್ಯಬೇಕಾದ್ದು ಆ ಸೀಲಿನ ಪ್ರತಿ, ಹೊರಡುವ ಮುಂಚೆ ಸಹಿ ಮಾಡಿಸಿದ ಎರಡು ಕಾಲಂ ಹಾಳೆ, ಮತ್ತು ಎಬಿಸಿ ಖಾತೆಯ ಮುದ್ರಿತ ಪ್ರತಿ.